11 ಬಾಟಲಿ ಸಿರಪ್, 10 ವರ್ಷ ಜೈಲು: ತಕ್ಕಡಿಯೇ ತೀರ್ಪು ಬರೆಯುವ ಕಾನೂನು

ಮೂರು ಜನರನ್ನು ಊಹಿಸಿಕೊಳ್ಳಿ. ಒಬ್ಬ ಆಳಂದದಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ 19 ಕಿಲೊ ಒಣ ಗಾಂಜಾ ತುಂಬಿದ ಚೀಲದ ಸಮೇತ ಸಿಕ್ಕಿಬಿದ್ದ. ಇನ್ನೊಬ್ಬನ ಬೈಕಿಗೆ ನೇತುಹಾಕಿದ ಚೀಲದಲ್ಲಿ, ಅಫೀಮಿನ ಅಂಶವಾದ ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನ 11 ಬಾಟಲಿ. ಅಂಗಡಿಯ ಬಿಲ್ಲೂ ಇಲ್ಲ, ಡಾಕ್ಟರ ಚೀಟಿಯೂ ಇಲ್ಲ. ಮೂರನೆಯವನ ಜೇಬಿನಲ್ಲಿ ಫೆಂಟನಿಲ್ ಎಂಬ ಪ್ರಬಲ ನೋವು ನಿವಾರಕದ ಕಾಲು ಗ್ರಾಂ ಪುಡಿ. ಮೂವರ ಮೇಲೂ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಕೇಸು ಬಿತ್ತು, ಮೂವರ ಅಪರಾಧವೂ ಕೋರ್ಟಿನಲ್ಲಿ ಸಾಬೀತಾಯಿತು ಅಂತಿಟ್ಟುಕೊಳ್ಳಿ. ಗಾಂಜಾದವನಿಗೆ ನ್ಯಾಯಾಧೀಶರು ಒಂದು ವರ್ಷ ಕೊಡಬಹುದು, ನಾಲ್ಕು ಕೊಡಬಹುದು, ಹತ್ತರ ತನಕ ಎಷ್ಟಾದರೂ ಕೊಡಬಹುದು. ಉಳಿದಿಬ್ಬರಿಗೆ 10 ವರ್ಷಕ್ಕಿಂತ ಒಂದು ದಿನ ಕಡಿಮೆ ಕೊಡುವ ಅಧಿಕಾರವೂ ಅವರಿಗಿಲ್ಲ.

ಇದಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ ಎಂದು ಶಾಸನವೇ ಗೆರೆ ಎಳೆದಿಟ್ಟರೆ ಅದು ಕಡ್ಡಾಯ ಕನಿಷ್ಠ ಶಿಕ್ಷೆ. ನಮ್ಮಲ್ಲಿ ಬಹಳಷ್ಟು ಅಪರಾಧಗಳಿಗೆ ಮೇಲಿನ ಮಿತಿ ಮಾತ್ರ ಇರುತ್ತದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 109ರ ಪ್ರಕಾರ ಕೊಲೆಯತ್ನಕ್ಕೆ 10 ವರ್ಷದ ತನಕ, ಗಾಯವಾಗಿದ್ದರೆ ಜೀವಾವಧಿಯ ತನಕ ಶಿಕ್ಷೆ ಕೊಡಬಹುದು. ಇಷ್ಟಾದರೂ ಕೊಡಲೇಬೇಕು ಎಂಬ ಮಾತು ಸಾಮಾನ್ಯ ಕೊಲೆಯತ್ನದ ಕೇಸಿಗೆ ಇಲ್ಲ. ಹಾಗಾಗಿ ಕೋರ್ಟಿನ ಕಟ್ಟೆಯ ಮೇಲೆ ಕುಂತ ತಂದೆಯೊಬ್ಬ ‘ಸಾಹೇಬ್ರ, ನಮ್ಮ ಹುಡುಗ ಯಾರಿಗೂ ಚಾಕು ಹಾಕಿಲ್ರಿ, ಔಷಧದ ಬಾಟ್ಲಿ ಇಟ್ಕೊಂಡಿದ್ದ. ಅದಕ್ಕ ಹತ್ತು ವರ್ಷ ಹ್ಯಾಂಗ್ರಿ?’ ಎಂದು ಕೇಳಿದರೆ ವಕೀಲರು ಒಂದು ಮಾತಿನಲ್ಲಿ ಉತ್ತರ ಕೊಡಲಾರರು. ಆ ‘ಹ್ಯಾಂಗ್ರಿ’ಯ ಬೆನ್ನು ಹತ್ತಿ ಹೊರಟರೆ ಕಾನೂನಿನ ಒಂದು ವಿಚಿತ್ರ ಮೂಲೆಗೆ ಬಂದು ನಿಲ್ಲುತ್ತೇವೆ. ಅಲ್ಲಿ ಶಿಕ್ಷೆ ಎಷ್ಟು ಎಂಬುದನ್ನು ನಿರ್ಧರಿಸುವವರು ನ್ಯಾಯಾಧೀಶರಲ್ಲ, ಮಾಲು ತೂಗುವವರು.

ಮೂರು ಮೆಟ್ಟಿಲು

ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಆಗ ಮೆಟ್ಟಿಲುಗಳೇ ಇರಲಿಲ್ಲ. ಸ್ವಂತ ಸೇವನೆಗೆ ಇಟ್ಟುಕೊಂಡದ್ದು ಎಂದು ಆರೋಪಿ ತೋರಿಸಿಕೊಟ್ಟ ಸಣ್ಣ ಪ್ರಮಾಣವೊಂದನ್ನು ಬಿಟ್ಟರೆ, ಹೆರಾಯಿನ್ 50 ಗ್ರಾಂ ಸಿಕ್ಕರೂ 50 ಕಿಲೊ ಸಿಕ್ಕರೂ ಕನಿಷ್ಠ 10 ವರ್ಷ. ಚಟಕ್ಕೆ ಬಿದ್ದವನೂ ಸಾಗಣೆಯ ದೊರೆಯೂ ಒಂದೇ ಬ್ಯಾರಕ್ಕಿಗೆ ಬಂದರು. 16 ವರ್ಷ ಹೀಗೇ ನಡೆಯಿತು. 2001ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 2ರಿಂದ ಜಾರಿಗೆ ಬಂದು ಶಿಕ್ಷೆಯನ್ನು ತೂಕಕ್ಕೆ ಕಟ್ಟಿಹಾಕಿತು. ಅದರ ಉದ್ದೇಶ ಒಳ್ಳೆಯದೇ ಇತ್ತು: ದೊಡ್ಡ ವ್ಯಾಪಾರಿಗೆ ದೊಡ್ಡ ಶಿಕ್ಷೆ, ಚಟದವನಿಗೆ ಸಣ್ಣದು.

ಫೆಂಟನಿಲ್, ಮಾರ್ಫಿನ್, ಕೊಡೀನ್‌ನಂಥವು ಕಲಂ 21ರಲ್ಲಿ ಬರುತ್ತವೆ. ನೋವಿನ ಔಷಧಗಳಾದ ಟ್ರಮಡಾಲ್, ಬ್ಯುಪ್ರನಾರ್ಫಿನ್‌ನಂಥವು ಕಲಂ 22ರಲ್ಲಿ. ಎರಡರಲ್ಲೂ ಶಿಕ್ಷೆಯ ಅಳತೆ ಒಂದೇ. ‘ಸಣ್ಣ ಪ್ರಮಾಣ’ ಆದರೆ ಒಂದು ವರ್ಷದ ತನಕ ಜೈಲು, ಇಲ್ಲವೇ 10,000 ರೂಪಾಯಿ ತನಕ ದಂಡ, ಅಥವಾ ಎರಡೂ. ‘ವಾಣಿಜ್ಯ ಪ್ರಮಾಣ’ದ ಗೆರೆ ದಾಟಿದರೆ 10ರಿಂದ 20 ವರ್ಷ, ಜೊತೆಗೆ ಒಂದರಿಂದ ಎರಡು ಲಕ್ಷ ದಂಡ. ಕಾರಣ ಬರೆದಿಟ್ಟು ಕೋರ್ಟು ಅದಕ್ಕಿಂತ ಹೆಚ್ಚಿನ ದಂಡವನ್ನೂ ಹಾಕಬಹುದು. ಇವೆರಡರ ನಡುವೆ ಬಿದ್ದರೆ 10 ವರ್ಷದ ತನಕ, ಒಂದು ಲಕ್ಷದ ತನಕ. ಈ ನಡುವಿನ ಮೆಟ್ಟಿಲಿಗೆ ಕನಿಷ್ಠ ಎಂಬುದಿಲ್ಲ. ವಾಣಿಜ್ಯ ಪ್ರಮಾಣದ ಕೇಸಿನಲ್ಲಿ ಎರಡನೇ ಸಲ ತಪ್ಪಿತಸ್ಥನಾದರೆ ಕಲಂ 31 ಕೆಳಗಿನ ಗೆರೆಯನ್ನು ಒಂದೂವರೆ ಪಟ್ಟು ಎತ್ತುತ್ತದೆ, ಅಂದರೆ 15 ವರ್ಷ.

ಯಾವ ಪದಾರ್ಥಕ್ಕೆ ಯಾವ ತೂಕ ಎಂಬುದನ್ನು ಕೇಂದ್ರ ಸರ್ಕಾರ 2001ರ ಅಕ್ಟೋಬರ್ 19ರ ಅಧಿಸೂಚನೆಯ ಪಟ್ಟಿಯಲ್ಲಿ ಹೇಳಿದೆ. ಗಾಂಜಾದ ಸಣ್ಣ ಪ್ರಮಾಣ 1 ಕಿಲೊ, ವಾಣಿಜ್ಯ ಪ್ರಮಾಣ 20 ಕಿಲೊ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಕೊಡೀನ್‌ಗೆ 10 ಗ್ರಾಂ ಮತ್ತು 1 ಕಿಲೊ. ಬ್ಯುಪ್ರನಾರ್ಫಿನ್‌ಗೆ 1 ಗ್ರಾಂ ಮತ್ತು 20 ಗ್ರಾಂ. 2018ರಲ್ಲಿ ಟ್ರಮಡಾಲ್ ಕಾಯ್ದೆಯ ಒಳಗೆ ಬಂತು. ಅದಕ್ಕೆ 5 ಗ್ರಾಂ ಮತ್ತು 250 ಗ್ರಾಂ. ಫೆಂಟನಿಲ್‌ನ ಸಣ್ಣ ಪ್ರಮಾಣ 5 ಮಿಲಿಗ್ರಾಂ, ವಾಣಿಜ್ಯ ಪ್ರಮಾಣ ಗ್ರಾಮಿನ ಹತ್ತರಲ್ಲೊಂದು ಪಾಲು. ಅಕ್ಕಸಾಲಿಯ ತಕ್ಕಡಿಯೂ ತಡವರಿಸುವಷ್ಟು ಕಡಿಮೆ ತೂಕ ಅದು.

ಫೆಂಟನಿಲ್ ಮೇಲೆ ಇಷ್ಟು ಸಿಟ್ಟೇಕೆ ಎಂದರೆ ಅದರ ಶಕ್ತಿ ಅಂಥದ್ದು. ಗಸಗಸೆ ಗಿಡದ ಕಾಯಿ ಸೀಳಿದಾಗ ಒಸರುವ ಹಾಲು ಅಫೀಮು. ಅದರೊಳಗೇ ಮಾರ್ಫಿನ್ ಇದೆ, ಕೊಡೀನ್ ಇದೆ. ಮಾರ್ಫಿನ್ ಅನ್ನು ಮಾರ್ಪಡಿಸಿದರೆ ಹೆರಾಯಿನ್. ಫೆಂಟನಿಲ್, ಟ್ರಮಡಾಲ್, ಮೆಥಡೋನ್‌ಗಳಿಗೆ ಹೊಲವೂ ಬೇಡ, ಗಿಡವೂ ಬೇಡ. ಪ್ರಯೋಗಾಲಯದಲ್ಲಿ ರಾಸಾಯನಿಕಗಳಿಂದಲೇ ತಯಾರಾಗುತ್ತವೆ. ಇವನ್ನೇ ಸಂಶ್ಲೇಷಿತ ಒಪಿಯಾಯ್ಡ್, ಅಂದರೆ ಕೃತಕವಾಗಿ ತಯಾರಿಸಿದ ಅಫೀಮಿನಂಥ ಮಾದಕ, ಅನ್ನುವುದು. (ಆ ಲೆಕ್ಕಕ್ಕೆ ಕೊಡೀನ್ ಸಂಶ್ಲೇಷಿತವಲ್ಲ.) ಬೆಲ್ಜಿಯಂನ ಪಾಲ್ ಯಾನ್ಸೆನ್ 1960ರ ಸುಮಾರಿಗೆ ರೂಪಿಸಿದ ಫೆಂಟನಿಲ್ ಮಾರ್ಫಿನ್‌ಗಿಂತ ಸುಮಾರು 100 ಪಟ್ಟು, ಹೆರಾಯಿನ್‌ಗಿಂತ 50 ಪಟ್ಟು ಪ್ರಬಲ. ಆಪರೇಷನ್ ಟೇಬಲ್ ಮೇಲೆ ಅರಿವಳಿಕೆ ತಜ್ಞರ ಕೈಯಲ್ಲಿ ಅದು ವರ. ಅಳತೆ ಗೊತ್ತಿಲ್ಲದವನ ಕೈಯಲ್ಲಿ ಎರಡು ಮಿಲಿಗ್ರಾಮೇ ಉಸಿರು ನಿಲ್ಲಿಸೀತು.

ಸಕ್ಕರೆ ಪಾಕಕ್ಕೂ ಶಿಕ್ಷೆ

ಈಗ ಸಿರಪ್ಪಿನ ಹುಡುಗನ ಲೆಕ್ಕಕ್ಕೆ ಬರೋಣ. ಕೊಡೀನ್ ಸಿರಪ್ಪಿನಲ್ಲಿ ಸಾಮಾನ್ಯವಾಗಿ 5 ಮಿಲಿಲೀಟರಿಗೆ 10 ಮಿಲಿಗ್ರಾಂ ಕೊಡೀನ್ ಇರುತ್ತದೆ. 100 ಮಿಲಿಲೀಟರಿನ ಬಾಟಲಿಗೆ 200 ಮಿಲಿಗ್ರಾಂ ಆಯಿತು. 11 ಬಾಟಲಿಗೆ 2.2 ಗ್ರಾಂ. ಕೊಡೀನ್‌ನ ಸಣ್ಣ ಪ್ರಮಾಣ 10 ಗ್ರಾಂ ಅಂತ ಪಟ್ಟಿ ಹೇಳುತ್ತದಲ್ಲ, ಇವನದು ಅದರ ಕಾಲು ಭಾಗವೂ ಇಲ್ಲ. ಹೆಚ್ಚೆಂದರೆ ಒಂದು ವರ್ಷ, ಬಹುಶಃ ಬರೀ ದಂಡ.

ಆದರೆ ಬಾಟಲಿಯೊಳಗಿನ ಅಷ್ಟೂ ದ್ರವವನ್ನು ತೂಗಿದರೆ? ಸಿರಪ್ ಸಕ್ಕರೆ ಪಾಕ, ನೀರಿಗಿಂತ ಭಾರ. 1,100 ಮಿಲಿಲೀಟರ್ ಎಂದರೆ 1.1 ಕಿಲೊಗಿಂತ ಹೆಚ್ಚೇ ತೂಗುತ್ತದೆ. ಕೊಡೀನ್‌ನ ವಾಣಿಜ್ಯ ಪ್ರಮಾಣ 1 ಕಿಲೊ. ಹತ್ತು ವರ್ಷ ಖಾಯಂ.

ಅದೇ ಹುಡುಗ, ಅವೇ ಬಾಟಲಿ. ಒಂದು ಬಗೆಯಲ್ಲಿ ತೂಗಿದರೆ ಗರಿಷ್ಠ ಒಂದು ವರ್ಷ, ಇನ್ನೊಂದು ಬಗೆಯಲ್ಲಿ ಕನಿಷ್ಠ ಹತ್ತು. ಯಾವುದು ಸರಿ ಎಂಬ ಜಗಳ ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. 2008ರಲ್ಲಿ ಇ. ಮೈಕೆಲ್ ರಾಜ್ ಪ್ರಕರಣದಲ್ಲಿ, ಬೆರಕೆಯನ್ನು ಬಿಟ್ಟು ಶುದ್ಧ ಮಾದಕದ ತೂಕವನ್ನಷ್ಟೇ ಹಿಡಿಯಬೇಕು ಎಂದು ಕೋರ್ಟು ಹೇಳಿತು. ಸರ್ಕಾರ 2009ರ ನವೆಂಬರಿನಲ್ಲಿ ಪಟ್ಟಿಗೆ ಒಂದು ಟಿಪ್ಪಣಿ ಸೇರಿಸಿ, ಮಿಶ್ರಣವಿರಲಿ ದ್ರಾವಣವಿರಲಿ ಗುಳಿಗೆಯಿರಲಿ, ಇಡೀ ತೂಕವೇ ಲೆಕ್ಕ ಎಂದಿತು. 2020ರ ಏಪ್ರಿಲ್ 22ರಂದು ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಸರ್ಕಾರದ ಕಡೆ ವಾಲಿತು. 2008ರ ತೀರ್ಪು ಸರಿಯಲ್ಲ ಎಂದಾಯಿತು.

ಆ ಪೀಠದ ತರ್ಕವನ್ನು ಬದಿಗೆ ಸರಿಸುವಂತಿಲ್ಲ. ಬೀದಿಯಲ್ಲಿ ಯಾರೂ ಶುದ್ಧ ಹೆರಾಯಿನ್ ಮಾರುವುದಿಲ್ಲ. ಬೆರಕೆ ಹಾಕಿಯೇ ಮಾರುತ್ತಾರೆ, ಆ ಬೆರಕೆಯೂ ಕೆಲವೊಮ್ಮೆ ಜೀವ ತೆಗೆಯುತ್ತದೆ. ಶುದ್ಧ ಅಂಶವನ್ನಷ್ಟೇ ಹಿಡಿದರೆ ದೊಡ್ಡ ವ್ಯಾಪಾರಿಯೂ ಸಣ್ಣ ಪ್ರಮಾಣದ ಸಂದಿಯಲ್ಲಿ ನುಸುಳಿಕೊಳ್ಳುತ್ತಾನೆ ಎಂಬುದು ಕೋರ್ಟಿನ ಆತಂಕ. ಹೆರಾಯಿನ್ ಮಟ್ಟಿಗೆ ಈ ವಾದ ನನಗೂ ಒಪ್ಪಿಗೆ. ಕಾರ್ಖಾನೆಯಲ್ಲಿ ತಯಾರಾಗಿ, ಮಿಲಿಗ್ರಾಂ ಲೆಕ್ಕ ಲೇಬಲ್ಲಿನ ಮೇಲೇ ಅಚ್ಚಾಗಿರುವ ಔಷಧಕ್ಕೂ ಇದೇ ನಿಯಮ ಅಂಟಿಸಿದ್ದು ಮಾತ್ರ ಅರ್ಥವಾಗುವುದಿಲ್ಲ. ಅಲ್ಲಿ ಒಳಗೆಷ್ಟಿದೆ ಎಂದು ಊಹಿಸಬೇಕಾಗಿಯೇ ಇಲ್ಲ, ಓದಿದರೆ ಸಾಕು.

ಗುಳಿಗೆಗೂ ಇದೇ ಪಾಡು. 100 ಮಿಲಿಗ್ರಾಂ ಟ್ರಮಡಾಲ್ ಇರುವ ಒಂದು ಗುಳಿಗೆ, ಸುಣ್ಣ ಪಿಷ್ಟ ಎಲ್ಲ ಸೇರಿ 300 ಮಿಲಿಗ್ರಾಂ ತೂಗುತ್ತದೆ ಅಂತಿಟ್ಟುಕೊಳ್ಳಿ. ಶುದ್ಧ ಲೆಕ್ಕದಲ್ಲಿ ವಾಣಿಜ್ಯ ಪ್ರಮಾಣದ ಗೆರೆ ದಾಟಲು 2,500ಕ್ಕಿಂತ ಹೆಚ್ಚು ಗುಳಿಗೆ ಬೇಕು. ಇಡೀ ತೂಕ ಹಿಡಿದರೆ 834 ಸಾಕು, ಅಂದರೆ ಹತ್ತರ 84 ಸ್ಟ್ರಿಪ್ಪು. ಇನ್ನೊಂದು ಕಂಪನಿ ಅದೇ 100 ಮಿಲಿಗ್ರಾಂ ಔಷಧವನ್ನು ದಪ್ಪ ಗುಳಿಗೆಯಾಗಿ ಮಾಡಿದ್ದರೆ ಸ್ಟ್ರಿಪ್ಪುಗಳ ಸಂಖ್ಯೆ ಇನ್ನೂ ಕಡಿಮೆ. ಗುಳಿಗೆಯ ದಪ್ಪದ ಮೇಲೆ ಮನುಷ್ಯನ ಹತ್ತು ವರ್ಷ ನಿಂತಿದೆ.

ಸೇಂದಿಯ ವಿಷಯ ಕೇಳಿದರೆ ಇದು ಇನ್ನೂ ಎದ್ದು ಕಾಣುತ್ತದೆ. ತೆಲಂಗಾಣದ ಗಡಿಗೆ ಅಂಟಿದ ನಮ್ಮ ಯಾದಗಿರಿ, ಕಲಬುರಗಿ ಸೀಮೆಗೆ ಬೆರಕೆ ಸೇಂದಿಯ ಕಥೆ ಹೊಸದಲ್ಲ. ಸಿ.ಎಚ್. ಪೌಡರ್ ಅನ್ನುವ ಕ್ಲೋರಲ್ ಹೈಡ್ರೇಟ್ ಒಂದು ಬೆರಕೆ, ನಿದ್ದೆ ಮಾತ್ರೆಯ ಅಲ್‌ಪ್ರಝೋಲಾಂ ಇನ್ನೊಂದು. ಅಲ್‌ಪ್ರಝೋಲಾಂ ಒಪಿಯಾಯ್ಡ್ ಅಲ್ಲ, ಆದರೆ ಕಲಂ 22ರ ಪಟ್ಟಿಯಲ್ಲಿದೆ. ವಾಣಿಜ್ಯ ಪ್ರಮಾಣ 100 ಗ್ರಾಂ. ಇಡೀ ಮಿಶ್ರಣದ ತೂಕ ಎಂಬ ನಿಯಮವನ್ನು ಅಕ್ಷರಕ್ಕೆ ಅಕ್ಷರ ಹಿಡಿದರೆ, ಚಿಟಿಕೆ ಪುಡಿ ಬೆರೆತ ಒಂದು ಲೋಟ ಸೇಂದಿಯೇ 100 ಗ್ರಾಂ ದಾಟುತ್ತದೆ. ಪುಡಿಯನ್ನು ಕಿಲೊಗಟ್ಟಲೆ ತಯಾರಿಸಿದವನಿಗೂ ಗುಡಿಸಲಿನ ಮುಂದೆ ಲೋಟದಲ್ಲಿ ಸುರಿದು ಕೊಟ್ಟವಳಿಗೂ ಒಂದೇ ಕನಿಷ್ಠ. ಶಾಸನ ಮಾಡಿದವರ ಮನಸ್ಸಿನಲ್ಲಿ ಇದು ಇದ್ದಿರಲಾರದು, ಆದರೆ ಬರೆದಿಟ್ಟದ್ದನ್ನು ಓದಿದರೆ ಅಲ್ಲಿಗೇ ಬರುತ್ತದೆ.

ಕೊಡೀನ್ ಸಿರಪ್ಪಿಗೆ ಒಂದು ವಿನಾಯಿತಿ ಉಂಟು. ಗಾಢತೆ ಶೇ 2.5 ಮೀರದ, ಒಂದು ಡೋಸಿನಲ್ಲಿ 100 ಮಿಲಿಗ್ರಾಂ ಮೀರದ, ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಔಷಧವನ್ನು 1985ರ ಅಧಿಸೂಚನೆಯೇ ಮಾದಕಗಳ ಪಟ್ಟಿಯಿಂದ ಹೊರಗಿಟ್ಟಿದೆ. ಹಾಗಿದ್ದರೆ ಬಾಟಲಿಗೂ ಎನ್‌ಡಿಪಿಎಸ್‌ಗೂ ಸಂಬಂಧವೇ ಇಲ್ಲವಲ್ಲ ಅನ್ನಿಸುತ್ತದೆ. 2012ರಲ್ಲಿ ಅಸ್ಸಾಮಿನ ಮೊಹಮ್ಮದ್ ಸಹಾಬುದ್ದೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಗದಪತ್ರವಿಲ್ಲದೆ ರಾಶಿ ಬಾಟಲಿ ಸಾಗಿಸುವವನು ‘ಚಿಕಿತ್ಸೆಗೆ’ ಎಂಬ ಆಸರೆ ಹಿಡಿಯಲಾಗದು ಎಂದಿತು. 2018ರ ಡಿಸೆಂಬರಿನಲ್ಲಿ ಪಂಜಾಬಿನ ರಾಕೇಶ್ ಕುಮಾರ್ ಪ್ರಕರಣದಲ್ಲಿ, ಔಷಧ ಕಾಯ್ದೆಯ ವ್ಯಾಪ್ತಿಯಲ್ಲಿದ್ದ ಮಾತ್ರಕ್ಕೆ ಎನ್‌ಡಿಪಿಎಸ್ ಅನ್ವಯವಾಗದು ಎನ್ನಲಾಗದು ಎಂದೂ ಹೇಳಿತು. ಹೈಕೋರ್ಟುಗಳು ಈ ವಿನಾಯಿತಿಯನ್ನು ಬೇರೆ ಬೇರೆ ರೀತಿಯಲ್ಲಿ ಓದಿವೆ. ಆದ್ದರಿಂದ ಒಂದೇ ಬಾಟಲಿ ಯಾವ ರಾಜ್ಯದ ಗಡಿಯೊಳಗೆ ಸಿಕ್ಕಿತು ಎಂಬುದೂ ಮುಖ್ಯವಾಗಿಬಿಡುತ್ತದೆ. ಬೀದರಿನಿಂದ ಒಂದೆರಡು ತಾಸಿನೊಳಗೆ ಎರಡು ರಾಜ್ಯದ ಗಡಿ ಮುಟ್ಟಬಹುದಾದ ನಮಗೆ ಇದು ಬರೀ ಪುಸ್ತಕದ ಮಾತಲ್ಲ.

ತೀರ್ಪಿಗೆ ಮೊದಲೇ ಶಿಕ್ಷೆ

ಹತ್ತು ವರ್ಷದ ಮಾತು ಬರುವುದು ವಿಚಾರಣೆ ಮುಗಿದ ಮೇಲೆ. ಅದರ ಬಿಸಿ ತಟ್ಟುವುದು ಮೊದಲ ದಿನವೇ. ಎಫ್‌ಐಆರ್‌ನಲ್ಲಿ ಕಲಂ 21ರ ‘ಸಿ’ ಉಪಕಲಂ, ಅಂದರೆ ವಾಣಿಜ್ಯ ಪ್ರಮಾಣದ್ದು, ಬಿದ್ದರೆ ಕಲಂ 37 ಎದ್ದು ನಿಲ್ಲುತ್ತದೆ. ಸರ್ಕಾರಿ ವಕೀಲರು ವಿರೋಧಿಸಿದಾಗ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡಲಾರ ಎಂಬ ಎರಡೂ ಮಾತು ನ್ಯಾಯಾಧೀಶರಿಗೆ ಮನದಟ್ಟಾದರೆ ಮಾತ್ರ ಬೇಲು. ವಿಚಾರಣೆ ಶುರುವಾಗುವ ಮೊದಲೇ ನಿರಪರಾಧಿ ಅನ್ನಿಸಿಕೊಳ್ಳಬೇಕು! ಸಾಮಾನ್ಯ ಕೇಸಿನಲ್ಲಿ 60 ಅಥವಾ 90 ದಿನದಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಆರೋಪಿಗೆ ಬೇಲಿನ ಹಕ್ಕು ಹುಟ್ಟುತ್ತದೆ. ಇಲ್ಲಿ ಆ ಗಡುವು 180 ದಿನ, ಕೋರ್ಟು ಒಪ್ಪಿದರೆ ಒಂದು ವರ್ಷ.

ಹೀಗಾಗಿ ರಸ್ತೆ ಪಕ್ಕದಲ್ಲಿ ಪಂಚರ ಮುಂದೆ ಬರೆಯುವ ಆ ಎರಡು ಹಾಳೆ ಪಂಚನಾಮೆಗೆ ಭಾರೀ ಬೆಲೆ. ಹುಮನಾಬಾದಿನ ಹತ್ತಿರ ಪುಣೆ–ಹೈದರಾಬಾದ್ ಹೆದ್ದಾರಿ 65ಕ್ಕೂ ಬೀದರ್–ಕಲಬುರಗಿಯ ಹೆದ್ದಾರಿ 50ಕ್ಕೂ ಕೂಡುಗಡೆ. ಲಾರಿ, ಬಸ್ಸು, ಕೊರಿಯರ್ ವ್ಯಾನು ಎಲ್ಲ ಅಲ್ಲೇ ಹಾಯುತ್ತವೆ. ಅಂಥ ಕಡೆ ಗಾಡಿ ನಿಲ್ಲಿಸಿ, ರಾತ್ರಿ ಟಾರ್ಚ್ ಬೆಳಕಿನಲ್ಲಿ, ಪಕ್ಕದ ಕಿರಾಣಿಯಿಂದ ತಂದ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಮಾಲು ಇಟ್ಟಾಗ ಏನೇನು ಪ್ರಶ್ನೆ ಏಳುತ್ತವೆ ನೋಡಿ. ಗುಳಿಗೆಯನ್ನು ಸ್ಟ್ರಿಪ್ಪಿನ ಅಲ್ಯೂಮಿನಿಯಂ ಸಮೇತ ತೂಗಿದರೋ, ಬಿಡಿಸಿ ತೂಗಿದರೋ? ಸಿರಪ್ಪನ್ನು ಬಾಟಲಿ ಸಮೇತ ತೂಗಿದರೋ? ಎಲ್ಲ ಬಾಟಲಿಯಲ್ಲೂ ಒಂದೇ ಬ್ಯಾಚ್ ನಂಬರ್ ಇದೆಯೋ? ಒಂದನ್ನಷ್ಟೇ ಪರೀಕ್ಷೆಗೆ ಕಳಿಸಿ ಉಳಿದವೂ ಅದೇ ಎಂದು ಬರೆದರೋ? ತಕ್ಕಡಿಗೆ ಮುದ್ರೆ ಹಾಕಿಸಿದ್ದು ಯಾವಾಗ? ಫೆಂಟನಿಲ್‌ನ ಗೆರೆ ಇರುವುದು ಗ್ರಾಮಿನ ಹತ್ತರಲ್ಲೊಂದು ಪಾಲಿನಲ್ಲಿ; ಗ್ರಾಂ ಲೆಕ್ಕದಲ್ಲಿ ಅಂಕಿ ತೋರಿಸುವ ಯಂತ್ರ ಅದನ್ನು ತೋರಿಸುವುದೇ ಇಲ್ಲ.

ಮಾಲಿನ ಪಟ್ಟಿ, ಮಾದರಿ ತೆಗೆಯುವುದು ಇವೆಲ್ಲ ಕಲಂ 52ಎ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ಆಗಬೇಕು. 2022ರ ಡಿಸೆಂಬರಿನ ನಿಯಮಗಳು ಅದನ್ನು ಇನ್ನಷ್ಟು ಬಿಗಿ ಮಾಡಿವೆ. ಮೈ ತಪಾಸಣೆಗೆ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಬೇಕೆನ್ನುವ ಹಕ್ಕು ನಿನಗಿದೆ ಎಂದು ಕಲಂ 50ರ ಪ್ರಕಾರ ಹೇಳಬೇಕು. ಇದು ಮೈಗೆ ಮಾತ್ರ, ಕೈಯಲ್ಲಿರುವ ಚೀಲಕ್ಕಲ್ಲ ಎಂಬುದು ಸುಪ್ರೀಂ ಕೋರ್ಟಿನ ನಿಲುವು. ಶಿಕ್ಷೆ ಕಠಿಣವಾದಷ್ಟೂ ರುಜುವಾತು ಬಿಗಿಯಾಗಿರಬೇಕು ಎಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಇದರ ಅಡ್ಡಪರಿಣಾಮ ನೋಡಿ: ಒಳ್ಳೆಯ ವಕೀಲರನ್ನು ಹಿಡಿಯಬಲ್ಲವನು ಈ ಕಲಮುಗಳ ಲೋಪ ಹಿಡಿದು ಬಿಡುಗಡೆಯಾಗುತ್ತಾನೆ. ಎರಡು ಸಾವಿರ ರೂಪಾಯಿ ಆಸೆಗೆ ಚೀಲ ಹೊತ್ತವನಿಗೆ ಪಂಚನಾಮೆಯ ಪ್ರತಿ ಕೇಳಬೇಕೆಂಬುದೂ ಗೊತ್ತಿರುವುದಿಲ್ಲ.

ಗಾಂಜಾ ಕೇಸಿನಲ್ಲೂ ತೂಕದ ಇಂಥದೇ ಕಸರತ್ತು ಇದೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂ, ಕಾಯಿ ಬಿಡುವ ತುದಿ ಮಾತ್ರ. ತುದಿಯಿಲ್ಲದ ಬರೀ ಎಲೆ, ಬೀಜ ಲೆಕ್ಕಕ್ಕಿಲ್ಲ. ತೊಗರಿ ಹೊಲದ ನಡುವೆ ಬೆಳೆದ ಗಿಡವನ್ನು ಬೇರು, ಕಾಂಡ, ಮಣ್ಣು ಸಮೇತ ಕಿತ್ತು ತೂಗಿದರೆ ಅಂಕಿ ಎಲ್ಲಿಗೋ ಹೋಗುತ್ತದೆ. ಬೆಳೆದದ್ದಕ್ಕೆ 10 ವರ್ಷದ ತನಕ ಶಿಕ್ಷೆ ಇದೆ, ಕನಿಷ್ಠ ಇಲ್ಲ. ಅದನ್ನೇ ಒಣಗಿಸಿ ಚೀಲಕ್ಕೆ ತುಂಬಿ 20 ಕಿಲೊ ದಾಟಿತೋ, ಕನಿಷ್ಠ ಹತ್ತು.

ನ್ಯಾಯಾಧೀಶರ ಕೈಯಲ್ಲಿ ಉಳಿದದ್ದು

ವಯಸ್ಸು 19, ಮೊದಲ ತಪ್ಪು, ಮನೆಯಲ್ಲಿ ದುಡಿಯುವವರು ಬೇರೆ ಇಲ್ಲ, ಹಿಂದೆ ನಿಂತವನೇ ಬೇರೆ — ಇದೆಲ್ಲ ಕನಿಷ್ಠದ ಗೆರೆಯ ಕೆಳಗೆ ಇಳಿಯಲು ಸಾಲದು. 18 ತುಂಬಿದವನಿಗೆ ಇಲ್ಲಿ ಸನ್ನಡತೆಯ ಮೇಲೆ ಬಿಡುವ ಪ್ರೊಬೇಷನ್ ಕಾಯ್ದೆಯ ದಾರಿಯೂ ಕಲಂ 33ರಿಂದ ಮುಚ್ಚಿದೆ. ಶಾಸನ ಕನಿಷ್ಠವನ್ನು ನಿಗದಿ ಮಾಡಿದ್ದರೆ ಯಾವ ಕೋರ್ಟೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು 2019ರಲ್ಲಿ ವಿಕ್ರಂ ದಾಸ್ ಪ್ರಕರಣದಲ್ಲಿ, ಅದು ಬೇರೆ ಕಾಯ್ದೆಯ ಕೇಸಾದರೂ, ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು. ಕಲಂ 32ಬಿ ಇದೆಯಲ್ಲ ಎನ್ನಬಹುದು. ಅದು ಹತ್ತಕ್ಕಿಂತ ಮೇಲೆ ಹೋಗುವಾಗ ನೋಡಬೇಕಾದ ಅಂಶಗಳನ್ನು ಹೇಳುತ್ತದೆ, ಕೆಳಗೆ ಇಳಿಯುವುದಕ್ಕಲ್ಲ.

ಜೈಲಿನೊಳಗೂ ರಿಯಾಯಿತಿ ಇಲ್ಲ. ಬೇರೆ ಕೈದಿಗಳಿಗೆ ಒಳ್ಳೆಯ ನಡತೆಗೆ ಸಿಗುವ ಮಾಫಿ ಇವರಿಗೆ ಕಲಂ 32ಎ ಪ್ರಕಾರ ಸಿಗದು. ಈ ಕಲಮಿನ ಒಂದು ಭಾಗವನ್ನು, ಅಂದರೆ ಮೇಲ್ಮನವಿ ಕಾಲದಲ್ಲಿ ಶಿಕ್ಷೆ ಅಮಾನತಿನಲ್ಲಿಡುವ ಕೋರ್ಟಿನ ಅಧಿಕಾರವನ್ನೇ ಕಿತ್ತುಕೊಂಡದ್ದನ್ನು, 2000ದಲ್ಲಿ ದಾದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಮಾಫಿಯ ಬಾಗಿಲು ತೆರೆಯಲಿಲ್ಲ. ವಿಚಾರಣಾಧೀನನಾಗಿ ಒಳಗೆ ಕಳೆದ ದಿನ ಮಾತ್ರ ಶಿಕ್ಷೆಯ ಲೆಕ್ಕದಿಂದ ವಜಾ ಆಗುತ್ತದೆ.

ನ್ಯಾಯಾಧೀಶರ ಕೈಯಲ್ಲಿ ಉಳಿದಿರುವ ಒಂದು ಜಾಗ ದಂಡದ್ದು. ಕನಿಷ್ಠ ಒಂದು ಲಕ್ಷ ಹಾಕಲೇಬೇಕು. ಕಟ್ಟಲಾಗದಿದ್ದರೆ ಇನ್ನೆಷ್ಟು ತಿಂಗಳು ಒಳಗಿರಬೇಕು ಎಂಬುದನ್ನು ಅವರೇ ನಿರ್ಧರಿಸಬಹುದು. 2007ರ ಶಾಂತಿಲಾಲ್ ಪ್ರಕರಣದಲ್ಲಿ ದಂಡ ಕಟ್ಟದ್ದಕ್ಕೆ ಬಡ ಕೈದಿಯೊಬ್ಬನಿಗೆ ಹಾಕಿದ್ದ ಮೂರು ವರ್ಷವನ್ನು ಸುಪ್ರೀಂ ಕೋರ್ಟು ಆರು ತಿಂಗಳಿಗೆ ಇಳಿಸಿತು. ಬೇಲಿನ ವಿಷಯದಲ್ಲೂ 2023ರ ಮೊಹಮ್ಮದ್ ಮುಸ್ಲಿಂ ಪ್ರಕರಣ ಒಂದು ಕಿಂಡಿ ತೆರೆದಿದೆ: ವಿಚಾರಣೆ ವರ್ಷಗಟ್ಟಲೆ ಎಳೆದರೆ ಕಲಂ 37 ಅಡ್ಡ ಬರಬಾರದು. ಕಲಬುರಗಿಯಲ್ಲೇ ಹೈಕೋರ್ಟ್ ಪೀಠ ಇರುವುದು, 2013ರಿಂದ ಅದು ಕಾಯಂ ಆಗಿರುವುದು, ಇಲ್ಲಿಯವರಿಗೆ ಒಂದು ಅನುಕೂಲ. ಬೇಲು ಅರ್ಜಿಗಾಗಿ ಬೆಂಗಳೂರಿನ ರೈಲು ಹತ್ತಬೇಕಿಲ್ಲ.

ಅಮೆರಿಕದಲ್ಲಿ 40 ಗ್ರಾಂ

ಕಡ್ಡಾಯ ಕನಿಷ್ಠ ಶಿಕ್ಷೆಯ ಮಾತು ಬಂದಾಗ ಎಲ್ಲರೂ ಅಮೆರಿಕದ ಕಡೆ ಕೈ ತೋರಿಸುತ್ತಾರೆ. ಅಲ್ಲಿನ ಈಗಿನ ಕಾನೂನಿನ ಬೇರು 1986ರದ್ದು. ಲೆನ್ ಬಯಸ್ ಎಂಬ ಯುವ ಬಾಸ್ಕೆಟ್‌ಬಾಲ್ ಆಟಗಾರ ಜೂನ್‌ನಲ್ಲಿ ಕೊಕೇನ್‌ನಿಂದ ಸತ್ತ, ಅಕ್ಟೋಬರಿನಲ್ಲಿ ಕಾನೂನು ತಯಾರಾಯಿತು. ಅಷ್ಟು ಅವಸರ. ಫೆಂಟನಿಲ್ ಇರುವ ಮಿಶ್ರಣ 40 ಗ್ರಾಂ ಆದರೆ ಕನಿಷ್ಠ 5 ವರ್ಷ, 400 ಗ್ರಾಂ ಆದರೆ 10. ಫೆಂಟನಿಲ್‌ನ ರಾಸಾಯನಿಕ ದಾಯಾದಿಗಳಿಗೆ 10 ಮತ್ತು 100 ಗ್ರಾಂ. 2025ರ ಜುಲೈನಲ್ಲಿ ಹಾಲ್ಟ್ ಫೆಂಟನಿಲ್ ಕಾಯ್ದೆ ಬಂದು ಫೆಂಟನಿಲ್ ಸಂಬಂಧಿ ಪದಾರ್ಥಗಳನ್ನೆಲ್ಲ ಒಟ್ಟಿಗೆ ಅತ್ಯಂತ ಕಠಿಣ ಪಟ್ಟಿಗೆ ಕಾಯಮಾಗಿ ಸೇರಿಸಿತು. ತಯಾರಕರು ಅಣುವಿನ ಒಂದು ಮೂಲೆ ಬದಲಿಸಿ ಹೊಸ ಹೆಸರಿನಲ್ಲಿ ಮಾರುವ ಆಟಕ್ಕೆ ಇದು ಉತ್ತರ.

ಇಡೀ ಮಿಶ್ರಣವನ್ನು ತೂಗುವ ವಿಷಯದಲ್ಲಿ ಅವರೂ ನಮ್ಮ ದಾರಿಯಲ್ಲೇ ಇದ್ದಾರೆ. 1991ರ ಚಾಪ್‌ಮನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎಲ್‌ಎಸ್‌ಡಿ ಹೀರಿಕೊಂಡ ಕಾಗದದ ತೂಕವನ್ನೂ ಮಾದಕದ ತೂಕಕ್ಕೆ ಸೇರಿಸಿತು! ಆದರೆ ಎರಡು ವ್ಯತ್ಯಾಸ ಇವೆ. ಒಂದು, ನಮ್ಮ 10 ವರ್ಷಕ್ಕೆ 0.1 ಗ್ರಾಂ ದಾಟಿದ ಫೆಂಟನಿಲ್ ಸಾಕು. ಅಲ್ಲಿ 400 ಗ್ರಾಂ ಬೇಕು. ಫೆಂಟನಿಲ್‌ನಿಂದಲೇ ವರ್ಷಕ್ಕೆ ಹತ್ತಾರು ಸಾವಿರ ಜನ ಸಾಯುತ್ತಿರುವ ದೇಶಕ್ಕಿಂತ ನಾವು 4,000 ಪಟ್ಟು ಬಿಗಿ. ಇನ್ನೊಂದು, ಅಲ್ಲಿ ಹಿಂಸೆ ಮಾಡದ, ಮುಖಂಡನಲ್ಲದ, ಹಳೆಯ ಅಪರಾಧ ಹೆಚ್ಚಿಲ್ಲದ, ಗೊತ್ತಿದ್ದದ್ದನ್ನೆಲ್ಲ ಹೇಳಿದ ಆರೋಪಿಗೆ ಕನಿಷ್ಠಕ್ಕಿಂತ ಕೆಳಗೆ ಶಿಕ್ಷೆ ಕೊಡಲು ನ್ಯಾಯಾಧೀಶರಿಗೆ ಅವಕಾಶವಿದೆ. 2018ರಲ್ಲಿ ಅದನ್ನು ಇನ್ನಷ್ಟು ಅಗಲ ಮಾಡಿದರು. ಕಾನೂನಿಗೊಂದು ಸೇಫ್ಟಿ ವಾಲ್ವ್ ಇಟ್ಟ ಹಾಗೆ. ನಮ್ಮ ಕಾಯ್ದೆಯಲ್ಲಿ ನ್ಯಾಯಾಧೀಶರಿಗೆ ಅಂಥದ್ದೊಂದು ಇಲ್ಲ.

ಇಷ್ಟಾಗಿಯೂ ಅಲ್ಲಿ ಏನಾಯಿತು? 2021ರಿಂದ 2023ರ ತನಕ ಪ್ರತಿವರ್ಷ ಡ್ರಗ್ಸ್ ಮಿತಿಮೀರಿ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಸಾವು ಫೆಂಟನಿಲ್ ಥರದ ಸಂಶ್ಲೇಷಿತ ಒಪಿಯಾಯ್ಡ್‌ಗಳಿಂದ. ಕನಿಷ್ಠ ಶಿಕ್ಷೆಯ ಕಾನೂನು ಅಷ್ಟೂ ಕಾಲ ಜಾರಿಯಲ್ಲೇ ಇತ್ತು. 2014ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಸೆರೆವಾಸದ ಬೆಳವಣಿಗೆ ಕುರಿತು ದೊಡ್ಡ ವರದಿ ಕೊಟ್ಟು, ದೀರ್ಘ ಶಿಕ್ಷೆಗಳಿಂದ ಅಪರಾಧ ಇಳಿಯುವುದು ಅಲ್ಪ, ಸಿಕ್ಕಿಬೀಳುವುದು ಖಚಿತ ಎಂಬ ಭಯವೇ ಹೆಚ್ಚು ತಡೆಯುತ್ತದೆ ಎಂಬ ತೀರ್ಮಾನಕ್ಕೆ ಬಂತು. ಮಾಲಿನ ಸ್ವಭಾವವೂ ಇದಕ್ಕೆ ಸೇರಿದೆ. ಒಬ್ಬ ಕೊಲೆಗಾರ ಜೈಲಿಗೆ ಹೋದರೆ ಅವನ ಜಾಗಕ್ಕೆ ಇನ್ನೊಬ್ಬ ಅರ್ಜಿ ಹಾಕುವುದಿಲ್ಲ. ಚೀಲ ಹೊರುವವನು ಜೈಲಿಗೆ ಹೋದರೆ ಮರುವಾರ ಇನ್ನೊಬ್ಬ ಸಿದ್ಧ. ಪ್ರಬಲ ಮಾದಕವಾದರೆ ಚೀಲವೂ ಬೇಡ, ಲಕೋಟೆ ಸಾಕು.

ಆದರೂ ಕನಿಷ್ಠ ಶಿಕ್ಷೆಯೇ ಬೇಡ ಎನ್ನುವವನಲ್ಲ ನಾನು. ಕಾರ್ಖಾನೆಯ ಶೆಡ್ಡಿನಲ್ಲಿ ಕಿಲೊಗಟ್ಟಲೆ ತಯಾರಿಸುವವನ, ಸುಳ್ಳು ಬಿಲ್ಲಿನಲ್ಲಿ ಲಾರಿಗಟ್ಟಲೆ ಸಿರಪ್ ತಿರುಗಿಸುವ ಸಗಟು ವ್ಯಾಪಾರಿಯ ವಿಷಯದಲ್ಲಿ ಹತ್ತು ವರ್ಷ ಹೆಚ್ಚಲ್ಲ. ದುಡ್ಡಿದ್ದವನು ಹಗುರ ಶಿಕ್ಷೆ ಗಿಟ್ಟಿಸುತ್ತಾನೆ ಎಂಬ ಜನರ ಅನುಮಾನಕ್ಕೂ ಕನಿಷ್ಠದ ಗೆರೆ ಒಂದು ಉತ್ತರವೇ. ಆದರೆ ಅಳತೆಗೋಲು ತೂಕವೊಂದೇ ಆದಾಗ ಶಿಕ್ಷೆ ಸುಲಭಕ್ಕೆ ಸಿಗುವವನನ್ನು ಹುಡುಕಿಕೊಂಡು ಹೋಗುತ್ತದೆ. ಔಷಧವಾಗಿ ತಯಾರಾದದ್ದಕ್ಕೆ ಲೇಬಲ್ಲಿನ ಮಿಲಿಗ್ರಾಂ, ಪುಡಿಗೆ ಪ್ರಯೋಗಾಲಯ ಅಳೆದ ಶುದ್ಧತೆ, ಅದರ ಜೊತೆಗೆ ಆರೋಪಿಯ ಪಾತ್ರ ಏನು ಎಂಬ ಪ್ರಶ್ನೆ: ಇಷ್ಟು ಸೇರಿದರೆ ಕಾಯ್ದೆಯ ಸಿಟ್ಟು ಸರಿಯಾದವರ ಕಡೆ ತಿರುಗೀತು. ಇದಕ್ಕೆ ಪ್ರಯೋಗಾಲಯಗಳು ಮಾದಕ ‘ಇದೆ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳದೆ ಎಷ್ಟಿದೆ ಎಂದೂ ಬರೆಯಬೇಕಾಗುತ್ತದೆ.

ನೋವಿನ ಮನೆಗಳು

ಇನ್ನೊಂದು ಕಡೆಯಿಂದಲೂ ಈ ಕಾನೂನನ್ನು ನೋಡಬೇಕು. ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಮಾರ್ಫಿನ್ ಗುಳಿಗೆ, ಫೆಂಟನಿಲ್ ಪ್ಯಾಚು ಬೇಕೇ ಬೇಕು. 1985ರ ಬಳಿಕ ಆಸ್ಪತ್ರೆಗಳು ಮಾರ್ಫಿನ್ ಮುಟ್ಟಲೇ ಹೆದರಿದವು. ರಿಜಿಸ್ಟರಿನಲ್ಲಿ ಒಂದು ಅಂಕಿ ತಪ್ಪಿದರೆ ಏನಾದೀತೋ ಎಂಬ ಭಯ. 2014ರ ತಿದ್ದುಪಡಿ ಅದಕ್ಕೆ ಮದ್ದು ಹುಡುಕಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್ ಈ ಆರನ್ನು ಅತ್ಯಗತ್ಯ ಮಾದಕ ಔಷಧ ಎಂದು ಗುರುತಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಹಲವು ಲೈಸೆನ್ಸುಗಳ ಬದಲು ಒಂದೇ ಸಾಕು ಎಂದಾಯಿತು.

ಕಲಬುರಗಿ, ಬೀದರಿನ ರೋಗಿಗಳು ಇಲ್ಲಿಯೂ ತೋರಿಸುತ್ತಾರೆ, ಸೊಲ್ಲಾಪುರ, ಹೈದರಾಬಾದಿಗೂ ಹೋಗುತ್ತಾರೆ. ಅಪ್ಪನ ಬೆನ್ನಿಗೆ ಅಂಟಿಸುವ ಪ್ಯಾಚುಗಳನ್ನು ಬಸ್ಸಿನಲ್ಲಿ ತರುವ ಮಗನ ಚೀಲದಲ್ಲಿರುವುದು, ತೂಕದ ಲೆಕ್ಕ ಹಿಡಿದರೆ, ಹತ್ತು ವರ್ಷದ ಮಾಲೇ. ಅವನನ್ನು ಕಾಯುವುದು ಡಾಕ್ಟರು ಬರೆದ ಚೀಟಿ ಮತ್ತು ಆಸ್ಪತ್ರೆಯ ಬಿಲ್ಲು. ಔಷಧವಿರುವ ತನಕ ಅವೆರಡನ್ನೂ ಅದರ ಜೊತೆಗೇ ಇಡಬೇಕು, ಮೊಬೈಲಿನಲ್ಲಿ ಫೋಟೊ ಇದ್ದರೂ ಮೂಲ ಪ್ರತಿ ಬೇಕು. ರೋಗಿ ತೀರಿಕೊಂಡ ಮೇಲೆ ಉಳಿದ ಪ್ಯಾಚನ್ನು ಪಕ್ಕದ ಮನೆಯ ಸೊಂಟನೋವಿನ ಅಜ್ಜಿಗೆ ಕೊಡುವುದು ಎರಡು ಲೆಕ್ಕದಲ್ಲಿ ಅಪಾಯ: ಅಭ್ಯಾಸವಿಲ್ಲದ ದೇಹಕ್ಕೆ ಅದು ಪ್ರಾಣಕ್ಕೇ ಎರವಾಗಬಹುದು, ಕೊಟ್ಟದ್ದು ಕಾನೂನಿನ ಕಣ್ಣಿನಲ್ಲಿ ಅಪರಾಧವೂ ಹೌದು. ಕೊಟ್ಟ ಆಸ್ಪತ್ರೆಗೇ ತಿರುಗಿಸಬೇಕು.

ಮನೆಯ ಹುಡುಗನೇ ಸಿಕ್ಕಿಬಿದ್ದಾಗ ಮೊದಲು ಕೇಳಬೇಕಾದದ್ದು ಎಫ್‌ಐಆರ್ ಮತ್ತು ಪಂಚನಾಮೆಯ ಪ್ರತಿ. ಕಲಂ 21 ಅಥವಾ 22ರ ಮುಂದೆ ‘ಎ’ ಇದೆಯೋ ‘ಬಿ’ ಇದೆಯೋ ‘ಸಿ’ ಇದೆಯೋ ನೋಡಿ; ‘ಸಿ’ ಎಂದರೆ ವಾಣಿಜ್ಯ. ಅಲ್ಲಿ ಬರೆದ ತೂಕ ಬಾಟಲಿ, ಸ್ಟ್ರಿಪ್ಪು ಬಿಟ್ಟು ಬರೀ ಮಾಲಿನದೋ ಎಂದು ಓದಿ. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ, ಬಂಧನದಲ್ಲಿರುವವನಿಗೆ ಆದಾಯ ಮಿತಿಯ ಪ್ರಶ್ನೆಯೇ ಬರುವುದಿಲ್ಲ. 15100ಕ್ಕೆ ಫೋನ್ ಮಾಡಿದರೂ ಸಾಕು.

ಚಟ ಹಿಡಿದವನಿಗೆ ಕಾಯ್ದೆಯಲ್ಲೇ ಒಂದು ದಾರಿ ಇದೆ. ಕಲಂ 64ಎ ಪ್ರಕಾರ, ವ್ಯಸನಿ ತಾನಾಗಿ ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪಡೆಯಲು ಒಪ್ಪಿದರೆ ಅವನ ಮೇಲೆ ಕೇಸು ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯೂ ಹೋಗುತ್ತದೆ. ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ, ಅವರಿಗೆಲ್ಲ ಇದು ಗೊತ್ತಿರಬೇಕಾದ ಕಲಂ. ಆದರೆ ಈ ರಕ್ಷಣೆ ಸೇವನೆಯ ಕೇಸಿಗೆ ಮತ್ತು ಸಣ್ಣ ಪ್ರಮಾಣ ಇಟ್ಟುಕೊಂಡವನಿಗೆ ಮಾತ್ರ. 2.2 ಗ್ರಾಂ ಕೊಡೀನ್ ಇಟ್ಟುಕೊಂಡ ಸಿರಪ್ಪಿನ ಹುಡುಗ ಚಟಕ್ಕೇ ಕುಡಿಯುತ್ತಿದ್ದರೂ, ಸಕ್ಕರೆ ಪಾಕವನ್ನೂ ತೂಗಿದ ಮೇಲೆ ಅವನು ಇದರೊಳಗೆ ಬರುವುದಿಲ್ಲ.